ಕಲಿಸುವ ಕಲಾವಿದನಿಗೂ ಹೊಟ್ಟೆಯಿದೆ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ವಾರ್ಷಿಕ ಸಭೆಯಲ್ಲಿ ಸಂಸ್ಥೆಯ ಪರವಾಗಿ ಮಾಡಿದ ಭಾಷಣದ ಪಠ್ಯ)



ವಾರ್ಷಿಕ ಸಭೆ ಅಂದರೆ ಉಳಿತಾಯ, ಆಂತರಿಕ ಸಾಲ, ಮರುಪಾವತಿ, ಬ್ಯಾಂಕಿನ ಬಡ್ಡಿ, ಇವೇ ಮಾತು. ಅದೆಲ್ಲ ಬೆಳಿಗ್ಗೆಯೇ ಮುಗಿದಿದೆ. ವರದಿ ಓದಿದ್ದಾಯಿತು, ಲೆಕ್ಕಪತ್ರಕ್ಕೆ ಕೈ ಎತ್ತಿದ್ದೂ ಆಯಿತು. ಊಟ ಆಗಿ ಕಣ್ಣು ಎಳೆಯುವ ಹೊತ್ತಿಗೆ ನಮ್ಮನ್ನು ಮಾತಿಗೆ ನಿಲ್ಲಿಸಿದ್ದಾರೆ. ಹಾಗಾಗಿ ನಿದ್ದೆ ಬಿಡಿಸುವ ವಿಷಯವನ್ನೇ ತಂದಿದ್ದೇವೆ. ತಮಟೆ ವಿಷಯ.

ನಿಮ್ಮಲ್ಲಿ ಕೆಲವರಿಗೆ ಇದು ಗೊತ್ತಿರುವುದೇ. ನಗರದ ಒಂದು ಬಡಾವಣೆಯಲ್ಲಿ ನಮ್ಮ ಸಂಘದವರ ಮಕ್ಕಳಿಗೆ ಪ್ರತಿ ಭಾನುವಾರ ಸಂಜೆ ಅಂಗನವಾಡಿ ಪಕ್ಕದ ಖಾಲಿ ಜಾಗದಲ್ಲಿ ತಮಟೆ ತರಗತಿ ನಡೆಯುತ್ತಿತ್ತು. ಕಲಿಸುತ್ತಿದ್ದವನು ಇಪ್ಪತ್ತೆರಡು ವರ್ಷದ ಹುಡುಗ. ತಾತನಿಂದ ಕಲಿತ ಕೈ. ಮಕ್ಕಳು ಅವನನ್ನು ತಮಟೆ ಅಣ್ಣ ಅಂತಲೇ ಕರೆಯುತ್ತಿದ್ದರು. ಶುರುವಿನಲ್ಲಿ "ನಮ್ಮ ಮಕ್ಕಳಿಗೆ ತಮಟೆ ಯಾಕೆ, ಕೀಬೋರ್ಡ್ ಕಲಿಸಿ" ಅಂತ ಮೂಗು ಮುರಿದವರೂ ಇದ್ದರು. ಯಾರು ಅಂತ ಹೇಳುವುದಿಲ್ಲ, ಇಲ್ಲೇ ಕೂತಿದ್ದಾರೆ. ಆಮೇಲೆ ಅವರ ಮಗಳೇ ಮುಂದಿನ ಸಾಲಿನಲ್ಲಿ ನಿಂತು ಬಾರಿಸಿದಳು, ಅವರೇ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಕಳಿಸಿದರು.

ಸಂಜೆ ಹೊತ್ತು ಮೋರಿ ಕಟ್ಟೆ ಮೇಲೆ ಕೂತು ಹೋಗಿ ಬರುವವರನ್ನು ಗೇಲಿ ಮಾಡುತ್ತಿದ್ದ ಹುಡುಗರು ಭಾನುವಾರ ನಾಲ್ಕು ಗಂಟೆಗೆ ಯಾರೂ ಕರೆಯದೆಯೇ ಬರುತ್ತಿದ್ದರು. ಪುಳ್ಳೆ, ರಟ್ಟು ಕೂಡಿಸಿ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದರು. ಚರ್ಮದ ತಮಟೆ ನೋಡಿ, ಕಾಯಿಸದಿದ್ದರೆ ಮಾತಾಡುವುದಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟಿದ್ದ ಒಬ್ಬ ಹುಡುಗನಿಗೆ ಅವನು ಹೇಳಿದ್ದು ಒಂದೇ ಮಾತು: "ಸೋಮವಾರ ಸ್ಕೂಲಿಗೆ ಹೋಗ್ದಿದ್ರೆ ಭಾನುವಾರ ಇಲ್ಲಿಗೆ ಬರ್ಬೇಡ." ಆ ತಾಯಿ ಎಷ್ಟು ಅತ್ತು ಕರೆದರೂ ಹೋಗದ ಮಗ ಹೋದ. ನಾವು ಮನೆಮನೆಗೆ ಹೋಗಿ ಮಾಡಿದ ಭೇಟಿಯಿಂದ ಆಗದ ಕೆಲಸ ಅದು.

ಹನ್ನೊಂದು ತಿಂಗಳು ನಡೆಯಿತು. ಒಂದು ಭಾನುವಾರ ಅವನು ಬರಲಿಲ್ಲ. ಇನ್ನೊಂದು ಭಾನುವಾರವೂ ಬರಲಿಲ್ಲ. ಮಕ್ಕಳು ಬೆಂಕಿ ಹಾಕಿ ಕಾದು ಕೂತು ಎದ್ದುಹೋದರು. ಕೊನೆಗೆ ದಾರಿಯಲ್ಲಿ ಸಿಕ್ಕ. ಬೆನ್ನ ಮೇಲೆ ಊಟ ತಲುಪಿಸುವ ಕಂಪನಿಯ ದೊಡ್ಡ ಚೀಲ. "ಅಕ್ಕಾ, ಭಾನುವಾರಾನೇ ಜಾಸ್ತಿ ಆರ್ಡರ್ ಬರೋದು. ಅವತ್ತು ಬಿಟ್ರೆ ತಿಂಗಳು ದಾಟಲ್ಲ" ಅಂದ. ತಲೆ ತಗ್ಗಿಸಿಕೊಂಡೇ ಅಂದ.

ನಮಗೆಲ್ಲ ಸಿಟ್ಟು ಬಂತು. ಸಭೆಯಲ್ಲಿ "ಮಕ್ಕಳನ್ನು ಕೈಬಿಟ್ಟ" ಅಂತ ಮಾತಾಡಿದೆವು. ನಿರ್ಣಯ ಪುಸ್ತಕದಲ್ಲಿ ಹಾಗೇ ಬರೆದೂ ಆಯಿತು. ಆಮೇಲೆ ಯಾರೋ ಒಬ್ಬರು ಕೇಳಿದರು, ನಾವು ಅವನಿಗೆ ಏನು ಕೊಟ್ಟಿದ್ದೇವೆ ಅಂತ. ಎಲ್ಲರೂ ಸುಮ್ಮನಾದೆವು. ಟೀ, ಬನ್ನು. ದೀಪಾವಳಿಗೆ ಒಂದು ಅಂಗಿ ಬಟ್ಟೆ. ಹನ್ನೊಂದು ತಿಂಗಳಿಗೆ ಇಷ್ಟೇ. ಬಸ್ ಚಾರ್ಜ್ ಕೂಡ ಅವನದೇ. ಸಂಘದ ಪುಸ್ತಕ ಬರೆಯುವವರಿಗೆ ಗೌರವಧನ ಕೊಡಬೇಕು ಅಂತ ನಾವೇ ಎಷ್ಟು ಸಲ ವಾದ ಮಾಡಿದ್ದೇವೆ! ತಮಟೆ ಬಾರಿಸುವವನಿಗೆ ಮಾತ್ರ ಅದು ಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಕಲೆ ಅಂದರೆ ಅದು ಖುಷಿಗೆ ಮಾಡುವುದು, ಖುಷಿಗೆ ಕೂಲಿ ಯಾಕೆ, ಅನ್ನುವ ಭಾವನೆ ನಮ್ಮೊಳಗೂ ಕೂತಿತ್ತು.

ಇದೇ ತೊಂದರೆಗೆ ಬೇರೆ ಕಡೆ ಏನು ಮಾಡಿದ್ದಾರೆ ಅಂತ ಹುಡುಕಿ ಓದಿದೆವು. ಅದನ್ನು ನಿಮಗೆ ಹೇಳಬೇಕು ಅಂತಲೇ ಇವತ್ತು ನಿಂತಿರುವುದು.

ಫೆಲೋಶಿಪ್ ಅನ್ನುವ ಪದ ನೀವು ಕೇಳಿರಬಹುದು. ಕಾಲೇಜಿನಲ್ಲಿ ಸಂಶೋಧನೆ ಮಾಡುವವರಿಗೆ ಕೊಡುತ್ತಾರೆ ಅಂತ. ಅದು ಸಂಬಳವೂ ಅಲ್ಲ, ಬಹುಮಾನವೂ ಅಲ್ಲ, ಸಾಲವಂತೂ ಅಲ್ಲ. "ಇಷ್ಟು ತಿಂಗಳು ನಿನ್ನ ಹೊಟ್ಟೆಬಟ್ಟೆಯ ಚಿಂತೆ ನಮಗಿರಲಿ, ನೀನು ನಿನ್ನ ವಿದ್ಯೆಯನ್ನು ಬೆಳೆಸಿಕೋ, ಜೊತೆಗೆ ಈ ಕೆಲಸ ಮಾಡು" ಅಂತ ಒಪ್ಪಂದ ಮಾಡಿಕೊಂಡು ಕೊಡುವ ಹಣ. ಕೆಲವು ಕಡೆ ಈ ಹಣವನ್ನು ಆಗತಾನೇ ಹೆಸರು ಮಾಡುತ್ತಿರುವ ಹಾಡುಗಾರರು, ವಾದ್ಯದವರು, ನಾಟಕದವರಿಗೆ ಕೊಡುತ್ತಾರೆ. ಷರತ್ತು ಒಂದೇ, ನಗರದ ಬಡ ಬಡಾವಣೆಯ ಮಕ್ಕಳಿಗೂ ಹರೆಯದವರಿಗೂ ಜೊತೆಗಾರರಾಗಿ ನಿಂತು ಕಲಿಸಬೇಕು.

ಒಂದು ಊರಿನ ಕಥೆ ಸ್ವಲ್ಪ ವಿವರವಾಗಿ ಹೇಳ್ತೇವೆ. ಅಮೆರಿಕದಲ್ಲಿ ರೋಡ್ ಐಲೆಂಡ್ ಅಂತ ಒಂದು ರಾಜ್ಯ, ಆ ದೇಶದ ಎಲ್ಲಕ್ಕಿಂತ ಚಿಕ್ಕ ರಾಜ್ಯ. ಅದರ ರಾಜಧಾನಿ ಪ್ರಾವಿಡೆನ್ಸ್. ರಾಜಧಾನಿ ಅಂದರೆ ಬೆಂಗಳೂರಿನ ಹಾಗೆ ಅಂದುಕೊಳ್ಳಬೇಡಿ. 2020ರ ಜನಗಣತಿಯಲ್ಲಿ ಅಲ್ಲಿದ್ದದ್ದು ಸುಮಾರು 1 ಲಕ್ಷ 90 ಸಾವಿರ ಜನ, ನಮ್ಮ ಶಿವಮೊಗ್ಗಕ್ಕಿಂತ ಚಿಕ್ಕ ಊರು. ಒಂದು ಕಾಲದಲ್ಲಿ ಬಟ್ಟೆ ಗಿರಣಿ, ಆಭರಣ ತಯಾರಿಕೆಯ ಕಾರ್ಖಾನೆಗಳಿದ್ದ ಊರು. ಕಾರ್ಖಾನೆ ಮುಚ್ಚಿದ ಮೇಲೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿಯ ವೆಸ್ಟ್ ಎಂಡ್ ಅನ್ನುವ ಭಾಗದಲ್ಲಿ ಬೇರೆ ಬೇರೆ ದೇಶಗಳಿಂದ ಬದುಕು ಹುಡುಕಿಕೊಂಡು ಬಂದವರ ಮನೆಗಳೇ ಹೆಚ್ಚು. ಬಡತನವೂ ಹೆಚ್ಚು.

ಅದೇ ಊರಿನಲ್ಲಿ ಬ್ರೌನ್ ಅಂತ ದೊಡ್ಡ ವಿಶ್ವವಿದ್ಯಾಲಯ ಇದೆ. ಗುಡ್ಡದ ಮೇಲೆ ವಿಶ್ವವಿದ್ಯಾಲಯ, ಆಚೆ ಕಡೆ ವೆಸ್ಟ್ ಎಂಡ್. 1997ರಲ್ಲಿ ಅಲ್ಲಿ ಓದು ಮುಗಿಸಿದ ಸೆಬಾಸ್ಟಿಯನ್ ರೂತ್ ಅನ್ನುವ ಯುವಕ ಪಿಟೀಲು ಹಿಡಿದುಕೊಂಡು ಆ ಬಡಾವಣೆಗೆ ಬಂದ. ವಿಶ್ವವಿದ್ಯಾಲಯದ ಸಾರ್ವಜನಿಕ ಸೇವಾ ಕೇಂದ್ರದವರು ಅವನಿಗೆ ಒಂದು ಫೆಲೋಶಿಪ್ ಕೊಟ್ಟಿದ್ದರು. ಆ ಹಣ ಇದ್ದದ್ದರಿಂದ ಅವನು ಬೇರೆ ನೌಕರಿ ಹುಡುಕದೆ ಮಕ್ಕಳಿಗೆ ಪುಕ್ಕಟೆ ಪಿಟೀಲು ಪಾಠ ಶುರು ಮಾಡಿದ. ಆ ಕೆಲಸಕ್ಕೆ ಕಮ್ಯುನಿಟಿ ಮ್ಯೂಸಿಕ್‌ವರ್ಕ್ಸ್ ಅಂತ ಹೆಸರಾಯಿತು.

ಅವನಿಗೆ ಒಂದು ಯೋಚನೆ ಇತ್ತು. ಪಾಶ್ಚಾತ್ಯ ಸಂಗೀತದಲ್ಲಿ ನಾಲ್ಕು ಜನ ಕೂತು ನುಡಿಸುವ ಪದ್ಧತಿ ಇದೆ: ಎರಡು ಪಿಟೀಲು, ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ ವಯೋಲಾ, ಕಾಲುಗಳ ನಡುವೆ ನಿಲ್ಲಿಸಿಕೊಂಡು ನುಡಿಸುವ ಚೆಲ್ಲೊ. ಇಂಥ ತಂಡಗಳು ಸಾಮಾನ್ಯವಾಗಿ ಇರುವುದು ದೊಡ್ಡ ಸಭಾಂಗಣಗಳಲ್ಲಿ, ವಿಶ್ವವಿದ್ಯಾಲಯಗಳಲ್ಲಿ. ಅಂಥ ಒಂದು ತಂಡವನ್ನು ಬಡಾವಣೆಯಲ್ಲೇ ಕಾಯಂ ಆಗಿ ಇರಿಸಿದರೆ? ವರ್ಷಕ್ಕೊಮ್ಮೆ ಬಂದು ಕಾರ್ಯಕ್ರಮ ಕೊಟ್ಟು, ಹಾರ ಹಾಕಿಸಿಕೊಂಡು, ಫೋಟೋ ತೆಗೆಸಿಕೊಂಡು ಹೋಗುವುದಲ್ಲ. ಅಲ್ಲೇ ಇರುವುದು. ಅಲ್ಲೇ ಅಭ್ಯಾಸ, ಅಲ್ಲೇ ಕಛೇರಿ, ಅಲ್ಲೇ ಪಾಠ.

ಹಾಗೇ ಮಾಡಿದರು. ರಸ್ತೆ ಬದಿಯ ಒಂದು ಅಂಗಡಿ ಮಳಿಗೆ ಹಿಡಿದರು. ಮುಂದೆ ಗಾಜು. ಒಳಗೆ ನಾಲ್ವರೂ ಅಭ್ಯಾಸ ಮಾಡುವುದು ರಸ್ತೆಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ನಮಗೆ ಈ ವಿವರ ಬಹಳ ಹಿಡಿಸಿತು. ನಮ್ಮ ಬೀದಿಗಳಲ್ಲಿ ಟೈಲರ್ ಅಂಗಡಿ, ಸೈಕಲ್ ಶಾಪಿನ ಮುಂದೆ ಮಕ್ಕಳು ನಿಂತು ಕೆಲಸ ನೋಡುವುದಿಲ್ಲವೇ? ನೋಡಿ ನೋಡಿಯೇ ಅರ್ಧ ಕಲಿಯುತ್ತಾರೆ. ಸಂಗೀತವೂ ಹಾಗೆ ದಿನಾ ಕೂತು ಮಾಡುವ ಕೆಲಸ, ತಪ್ಪು ಬಂದರೆ ಮತ್ತೆ ಮೊದಲಿಂದ ಮಾಡುವ ಕೆಲಸ ಅಂತ ಆ ಬೀದಿಯ ಮಕ್ಕಳಿಗೆ ಕಂಡಿತು.

ಏಳು ವರ್ಷದಿಂದ ಹದಿನೆಂಟು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಪಾಠ. ಶುಲ್ಕ ಇಲ್ಲ. ವಾದ್ಯವನ್ನೂ ಅವರೇ ಕೊಟ್ಟಿರುತ್ತಾರೆ, ಮನೆಗೆ ಒಯ್ಯಬಹುದು. ಹರೆಯಕ್ಕೆ ಬಂದವರಿಗೆ ಬೇರೆ ಗುಂಪು ಇದೆ. ಅವರು ಸೇರಿದಾಗ ಒಟ್ಟಿಗೆ ಊಟ ಮಾಡುತ್ತಾರೆ, ಆಮೇಲೆ ತಮ್ಮ ಬೀದಿ, ಶಾಲೆ, ಬದುಕಿನ ಬಗ್ಗೆ ಚರ್ಚೆ ಮಾಡುತ್ತಾರೆ, ನುಡಿಸುತ್ತಾರೆ. ಊಟ ಯಾಕೆ ಅಂತ ಕೇಳಬೇಡಿ. ಹದಿನೈದು ವರ್ಷದ ಹುಡುಗನ ಬಾಯಿಂದ ಮಾತು ಹೊರಡಬೇಕಾದರೆ ತಟ್ಟೆ ಮುಂದಿರಬೇಕು, ಇದು ಎಲ್ಲ ತಾಯಂದಿರಿಗೂ ಗೊತ್ತು.

ಇಲ್ಲಿಂದ ಮುಂದೆ ನಮ್ಮ ವಿಷಯಕ್ಕೆ ಬರುತ್ತೇವೆ. ಕಲಿಯಲು ಬರುವ ಮಕ್ಕಳ ಸಾಲು ಬೆಳೆಯಿತು. ಜಾಗ ಸಿಗದೆ ಕಾಯುವವರ ಪಟ್ಟಿಯೇ ಉದ್ದವಾಯಿತು. ಕಲಿಸುವವರು ಬೇಕಲ್ಲ? ಸಂಗೀತ ಕಾಲೇಜಿನಲ್ಲಿ ಪದವಿ ಮುಗಿಸಿ ಬಂದ ಯುವಕ ಯುವತಿಯರಿಗೆ ನುಡಿಸಲು ಚೆನ್ನಾಗಿ ಬರುತ್ತದೆ. ಆದರೆ ಎಂಟು ವರ್ಷದ ಮಗು ಅಳು ಮೋರೆ ಮಾಡಿಕೊಂಡು ಬಂದಾಗ ಪಾಠ ಹೇಗೆ ಮಾಡಬೇಕು, ಮನೆಯಲ್ಲಿ ಅಭ್ಯಾಸಕ್ಕೆ ಜಾಗವೇ ಇಲ್ಲದ ಹುಡುಗಿಗೆ ಏನು ಹೇಳಬೇಕು, ಎರಡು ಕಡೆ ದುಡಿಯುವ ತಾಯಿಯ ಹತ್ತಿರ ಹೇಗೆ ಮಾತಾಡಬೇಕು, ಇದನ್ನು ಯಾವ ಕಾಲೇಜೂ ಕಲಿಸುವುದಿಲ್ಲ. ಇದಕ್ಕಾಗಿ 2006ರಲ್ಲಿ ಆ ಸಂಸ್ಥೆ ತನ್ನದೇ ಫೆಲೋಶಿಪ್ ಶುರು ಮಾಡಿತು. ಅವಧಿ ಎರಡು ವರ್ಷ. ಆಯ್ಕೆಯಾಗುವವರು ಬೆರಳೆಣಿಕೆಯಷ್ಟು ಜನ. ಅವರಿಗೆ ಗೌರವಧನ ಕೊಡುತ್ತಾರೆ. ಅವರು ಹಿರಿಯ ಕಲಾವಿದರ ಜೊತೆ ಕೂತು ನುಡಿಸಬೇಕು, ಮಕ್ಕಳಿಗೆ ಕಲಿಸಬೇಕು, ಸಂಸ್ಥೆ ನಡೆಸುವುದನ್ನೂ ಕಲಿಯಬೇಕು.

ಆ ಮೂರನೆಯದನ್ನು ಗಮನಿಸಿ. ನುಡಿಸುವುದು, ಕಲಿಸುವುದು, ನಡೆಸುವುದು. ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ದಾನಿಗಳಿಗೆ ಏನು ಉತ್ತರ ಕೊಡಬೇಕು ಅನ್ನುವುದನ್ನೂ ಆ ಹುಡುಗ ಹುಡುಗಿಯರು ನೋಡಿ ತಿಳಿಯುತ್ತಾರೆ. ನಮ್ಮ ಸಂಘಗಳಲ್ಲಿ ಪ್ರತಿನಿಧಿ ಸ್ಥಾನವನ್ನು ಸರದಿ ಪ್ರಕಾರ ಬದಲಾಯಿಸಬೇಕು ಅಂತ ನಾವು ಹೇಳುವಾಗ ನೀವು ಬೈದುಕೊಳ್ಳುತ್ತೀರಿ. ಆದರೆ ಬ್ಯಾಂಕಿಗೆ ಒಮ್ಮೆ ಹೋಗಿ ಬಂದವರು ಮತ್ತೆ ಮೊದಲಿನ ಹಾಗೆ ಇರುವುದಿಲ್ಲ, ಅಲ್ವಾ? ಅಲ್ಲಿ ತಯಾರಾದ ಕೆಲವರು ಅದೇ ರಾಜ್ಯದ ನ್ಯೂಪೋರ್ಟ್, ಪಕ್ಕದ ರಾಜ್ಯದ ವೂಸ್ಟರ್ ಮುಂತಾದ ಊರುಗಳಿಗೆ ಹೋಗಿ ಇಂಥದೇ ಕೆಲಸ ಕಟ್ಟಿದರು.

2010ರಲ್ಲಿ ಸೆಬಾಸ್ಟಿಯನ್ ರೂತ್ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಸಿಕ್ಕಿತು. ಆಗ ಅದರ ಮೊತ್ತ ಐದು ವರ್ಷಕ್ಕೆ 5 ಲಕ್ಷ ಡಾಲರ್, ಯಾವ ಷರತ್ತೂ ಇಲ್ಲ. ಶುರುವಾದದ್ದು ಒಂದು ಚಿಕ್ಕ ಫೆಲೋಶಿಪ್ಪಿನಿಂದ ಅನ್ನುವುದನ್ನು ನೆನಪಿಟ್ಟುಕೊಳ್ಳಿ. 2024ರಲ್ಲಿ ಅದೇ ವೆಸ್ಟ್ ಎಂಡಿನಲ್ಲಿ ಸಂಸ್ಥೆಗೆ ಸ್ವಂತ ಕಟ್ಟಡವೂ ಆಯಿತು. ಆದರೆ ಕಟ್ಟಡದ ಮಾತು ನಾವು ಜಾಸ್ತಿ ಆಡುವುದಿಲ್ಲ. ಕಟ್ಟಡ ಕಟ್ಟಿ ಬೀಗ ಹಾಕಿಟ್ಟ ಸಮುದಾಯ ಭವನಗಳು ನಮ್ಮಲ್ಲೂ ಬೇಕಾದಷ್ಟಿವೆ.

ಇಲ್ಲಿ ನಮಗೆ ಒಂದು ಅನುಮಾನ ಬಂತು, ನಿಮಗೂ ಬಂದಿರಬೇಕು. ಎರಡು ವರ್ಷ ಮುಗಿದ ಮೇಲೆ ಆ ಫೆಲೋ ಹೊರಟುಹೋಗುತ್ತಾರಲ್ಲ, ಆಗ ಮಕ್ಕಳ ಗತಿ? ನಮ್ಮ ಅನುಭವ ಕಹಿಯಾದದ್ದು. ಯೋಜನೆ ಮೂರು ವರ್ಷ ಅಂತ ಬರುತ್ತದೆ. ಪ್ರೇರಕಿ ಬರುತ್ತಾರೆ, ಮನೆಮನೆಗೆ ಓಡಾಡುತ್ತಾರೆ, ನಿಮ್ಮ ಕಷ್ಟಸುಖ ಕೇಳುತ್ತಾರೆ, ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ. ಯೋಜನೆ ಮುಗಿಯುತ್ತದೆ, ಪ್ರೇರಕಿ ಹೋಗುತ್ತಾರೆ. ಆರು ತಿಂಗಳಲ್ಲಿ ನಿರ್ಣಯ ಪುಸ್ತಕದ ಹಾಳೆ ಖಾಲಿ. ಹಾಗೆ ನಿಂತುಹೋದ ಸಂಘಗಳ ಹೆಸರು ಈಗಲೂ ನಮ್ಮ ಕಡತದಲ್ಲಿವೆ. ದೊಡ್ಡವರೇ ತಡೆದುಕೊಳ್ಳುವುದು ಕಷ್ಟ. ಹರೆಯದ ಮಕ್ಕಳಿಗಂತೂ ಅಪ್ಪ ಹೋದ, ಮೇಷ್ಟ್ರು ವರ್ಗವಾದರು, ಈಗ ಇವನೂ ಹೋದ ಅನ್ನಿಸಿದರೆ ಮುಂದೆ ಯಾರನ್ನೂ ನಂಬುವುದಿಲ್ಲ. ತಮಟೆ ಅಣ್ಣನ ಜಾಗಕ್ಕೆ ನಾವು ಇನ್ನೊಬ್ಬರನ್ನು ಕರೆತಂದಾಗ ಮಕ್ಕಳು ಎರಡು ವಾರ ಬಂದು ಬಿಟ್ಟುಬಿಟ್ಟರು. ಅವರು ಕಲಿಯಲು ಬಂದದ್ದು ತಮಟೆಯನ್ನು ಮಾತ್ರ ಅಲ್ಲ, ಅವನ ಹತ್ತಿರ ಇರಲು ಬಂದಿದ್ದರು.

ಪ್ರಾವಿಡೆನ್ಸಿನವರು ಇದಕ್ಕೆ ಮಾಡಿಕೊಂಡ ವ್ಯವಸ್ಥೆ ಇಷ್ಟೇ. ಫೆಲೋಗಳು ಬಂದು ಹೋಗುವವರು, ಆದರೆ ಅವರ ಪಕ್ಕದಲ್ಲಿ ವರ್ಷಾನುಗಟ್ಟಲೆ ಉಳಿಯುವ ಕಾಯಂ ಕಲಾವಿದರು ಇರುತ್ತಾರೆ, ಅವರಿಗೂ ಸಂಬಳ ಉಂಟು. ಮಗು ಒಬ್ಬ ಫೆಲೋನ ಕೈ ಬಿಟ್ಟರೂ ಮನೆ ಬಿಟ್ಟ ಹಾಗಾಗುವುದಿಲ್ಲ. ಬರೀ ಫೆಲೋಶಿಪ್ ಕೊಟ್ಟು ಎರಡು ವರ್ಷಕ್ಕೆ ಕೈ ತೊಳೆದುಕೊಳ್ಳುವ ಯೋಜನೆಗಳಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ ಅಂತ ನಮ್ಮ ಅಭಿಪ್ರಾಯ.

ನ್ಯೂಯಾರ್ಕಿನಲ್ಲಿ ಇನ್ನೊಂದು ರೀತಿ ಇದೆ. ಅಲ್ಲಿಯ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್, ಜೂಲಿಯಾರ್ಡ್ ಸಂಗೀತ ಶಾಲೆ ಮತ್ತು ನಗರದ ಶಿಕ್ಷಣ ಇಲಾಖೆ ಸೇರಿ 2007ರಲ್ಲಿ ಎರಡು ವರ್ಷದ ಫೆಲೋಶಿಪ್ ಆರಂಭಿಸಿದವು. ಯುವ ವಾದ್ಯಗಾರರಿಗೆ ಗೌರವಧನ, ಆರೋಗ್ಯ ವಿಮೆ. ಅವರು ದೊಡ್ಡ ವೇದಿಕೆಯಲ್ಲೂ ನುಡಿಸುತ್ತಾರೆ, ಸರ್ಕಾರಿ ಶಾಲೆಗೂ ಹೋಗುತ್ತಾರೆ. ಶಾಲೆಯಲ್ಲಿ ಅವರಿಗೆ ಜೋಡಿ ಅಲ್ಲಿಯ ಸಂಗೀತ ಶಿಕ್ಷಕರು. ಕಲಾವಿದ ಹೋದರೂ ಶಿಕ್ಷಕರು ಉಳಿಯುತ್ತಾರೆ. ಇದೂ ಒಂದು ದಾರಿ. ಆದರೆ ಶಾಲೆಯಲ್ಲಿ ಸಂಗೀತ ಶಿಕ್ಷಕರೇ ಇಲ್ಲದಿದ್ದರೆ ಈ ದಾರಿ ಇಲ್ಲ.

ಇವೆಲ್ಲದಕ್ಕೂ ಮುಂಚೆ ಶುರುವಾದದ್ದು ದಕ್ಷಿಣ ಅಮೆರಿಕದ ವೆನೆಜುವೆಲಾದಲ್ಲಿ. 1975ರಲ್ಲಿ ಹೊಸೆ ಆಂಟೋನಿಯೊ ಅಬ್ರೂ ಎಂಬ ಅರ್ಥಶಾಸ್ತ್ರಜ್ಞ, ಸಂಗೀತಗಾರರೂ ಹೌದು, ರಾಜಧಾನಿ ಕರಾಕಸ್ ನಗರದಲ್ಲಿ ಗಾಡಿ ನಿಲ್ಲಿಸುವ ಒಂದು ಶೆಡ್ಡಿನಲ್ಲಿ 11 ಮಕ್ಕಳನ್ನು ಕೂಡಿಸಿಕೊಂಡು ವಾದ್ಯವೃಂದ ಆರಂಭಿಸಿದರು. ಎಲ್ ಸಿಸ್ಟೆಮಾ ಅಂತ ಹೆಸರಾಗಿ ಅದು ಲಕ್ಷಾಂತರ ಮಕ್ಕಳನ್ನು ಮುಟ್ಟಿತು. ಅಲ್ಲಿಯ ಪದ್ಧತಿ ಏನೆಂದರೆ ನಾಲ್ಕು ಸ್ವರ ಕಲಿತ ಮಗು ಎರಡು ಸ್ವರ ಕಲಿತ ಮಗುವಿಗೆ ಹೇಳಿಕೊಡಬೇಕು. 2009ರಲ್ಲಿ ಅಬ್ರೂ ಅವರಿಗೆ ಒಂದು ದೊಡ್ಡ ಬಹುಮಾನ ಬಂತು. ಏನು ಬೇಕು ಕೇಳಿ ಅಂದಾಗ ಅವರು ಕೇಳಿದ್ದು, 50 ಯುವ ಸಂಗೀತಗಾರರನ್ನು ಈ ಕೆಲಸಕ್ಕೆ ತಯಾರು ಮಾಡಿ ಅಂತ. ವಾದ್ಯ ಕೇಳಲಿಲ್ಲ, ಕಟ್ಟಡ ಕೇಳಲಿಲ್ಲ, ಕಲಿಸುವವರನ್ನು ಕೇಳಿದರು. ಅದರಂತೆ ಬಾಸ್ಟನ್ನಿನ ಸಂಗೀತ ಕಾಲೇಜೊಂದು ವರ್ಷಕ್ಕೆ ಹತ್ತು ಜನರಂತೆ ಐದು ತಂಡಗಳಿಗೆ ಫೆಲೋಶಿಪ್ ಕೊಟ್ಟು ತರಬೇತಿ ನೀಡಿತು. ಅಬ್ರೂ 2018ರಲ್ಲಿ ತೀರಿಕೊಂಡರು. ಅವರ ದೇಶದ ಆರ್ಥಿಕ ಸ್ಥಿತಿ ಕುಸಿದಾಗ ಅಲ್ಲಿಯೇ ಕಲಿತು ಕಲಿಸುತ್ತಿದ್ದ ಎಷ್ಟೋ ಯುವ ಸಂಗೀತಗಾರರು ಹೊಟ್ಟೆಪಾಡಿಗೆ ದೇಶವನ್ನೇ ಬಿಟ್ಟರು. ಕಲೆ ಹೊಟ್ಟೆಗಿಂತ ದೊಡ್ಡದು ಅಂತ ವೇದಿಕೆಯಲ್ಲಿ ಹೇಳುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ.

ಪಿಟೀಲೇ ಆಗಬೇಕು ಅಂತೇನಿಲ್ಲ. ಮುಂಬೈ ಧಾರಾವಿಯಲ್ಲಿ 2015ರಿಂದ ಮಕ್ಕಳಿಗೆ ಪುಕ್ಕಟೆಯಾಗಿ ರ‍್ಯಾಪ್ ಹಾಡು, ಬಾಯಲ್ಲೇ ತಾಳ ಹಾಕುವುದು, ಬ್ರೇಕ್ ಡ್ಯಾನ್ಸ್ ಕಲಿಸುವ ಶಾಲೆ ನಡೆದಿದೆ. ಧಾರಾವಿ ಡ್ರೀಮ್ ಪ್ರಾಜೆಕ್ಟ್ ಅಂತ ಅದರ ಹೆಸರು. ಕಲಿಸಿದವರು ಅದೇ ಧಾರಾವಿಯ ಗಲ್ಲಿಗಳಲ್ಲಿ ಬೆಳೆದ ಹುಡುಗರು. ಆ ನೃತ್ಯ ನಮಗೆ ಅರ್ಥ ಆಗುವುದಿಲ್ಲ, ತಲೆ ಕೆಳಗೆ ಮಾಡಿ ತಿರುಗುವುದನ್ನು ನೋಡಿದರೆ ಭಯವೇ ಆಗುತ್ತದೆ. ಆದರೆ ಮಕ್ಕಳ ಕಣ್ಣಿನ ಹೊಳಪು ಅರ್ಥ ಆಗುತ್ತದೆ.

ಸರಿ, ನಮ್ಮ ದೇಶದಲ್ಲಿ, ನಮ್ಮ ರಾಜ್ಯದಲ್ಲಿ ಏನಿದೆ? ಪೆನ್ನು ಇದ್ದವರು ಬರೆದುಕೊಳ್ಳಿ, ಇದು ನಿಮ್ಮ ಮಕ್ಕಳಿಗೆ ಉಪಯೋಗ.

ಕೇಂದ್ರ ಸಂಸ್ಕೃತಿ ಸಚಿವಾಲಯದ ಒಂದು ಯೋಜನೆ ಇದೆ, ಯುವ ಕಲಾವಿದರ ವಿದ್ಯಾರ್ಥಿವೇತನ. ವಯಸ್ಸು 18ರಿಂದ 25. ತಿಂಗಳಿಗೆ 5,000 ರೂಪಾಯಿ, ಎರಡು ವರ್ಷ. ಇಡೀ ದೇಶಕ್ಕೆ 400 ಜನ. ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕ ಮಾತ್ರ ಅಂತ ಹೆದರಬೇಡಿ. ಜನಪದ ಹಾಡು, ಜನಪದ ವಾದ್ಯ, ಯಕ್ಷಗಾನ, ಗೊಂಬೆಯಾಟವೂ ಸೇರಿದೆ. ಕನಿಷ್ಠ 5 ವರ್ಷ ಗುರುವಿನ ಹತ್ತಿರವೋ ಸಂಸ್ಥೆಯಲ್ಲೋ ಕಲಿತಿರಬೇಕು, ಅದಕ್ಕೆ ಗುರುಗಳ ಪತ್ರ ಬೇಕು. ಇನ್ನೂ ಚಿಕ್ಕ ಮಕ್ಕಳಿದ್ದರೆ, 10ರಿಂದ 14 ವರ್ಷದವರಿಗೆ ಸಿ.ಸಿ.ಆರ್.ಟಿ. ಎಂಬ ಸಂಸ್ಥೆಯ ಪ್ರತಿಭಾನ್ವೇಷಣೆ ವಿದ್ಯಾರ್ಥಿವೇತನ ಇದೆ. ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಅಂತ ಅದರ ಪೂರ್ತಿ ಹೆಸರು, ದೆಹಲಿಯಲ್ಲಿದೆ. ಪರಂಪರೆಯಿಂದ ಕಲೆ ಮಾಡಿಕೊಂಡು ಬಂದ ಕುಟುಂಬದ ಮಕ್ಕಳಿಗೆ ಅದರಲ್ಲಿ ಒಂದು ಪಾಲು ಮೀಸಲಿದೆ. 25 ದಾಟಿದವರಿಗೆ ಸಚಿವಾಲಯದ ಕಿರಿಯ ಫೆಲೋಶಿಪ್, ತಿಂಗಳಿಗೆ 10,000 ರೂಪಾಯಿ, 40 ವರ್ಷದ ಒಳಗೆ. ಮೊತ್ತವೂ ನಿಯಮವೂ ಬದಲಾಗಬಹುದು, ಆಯಾ ವರ್ಷದ ಪ್ರಕಟಣೆ ಓದಿಯೇ ಅರ್ಜಿ ತುಂಬಿ. ದಲ್ಲಾಳಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಆದರೆ ಇವೆಲ್ಲ ಕಲಿಯುವವರಿಗೆ, ಇಲ್ಲವೇ ಸಂಶೋಧನೆಗೆ. ಕೊಳಚೆ ಪ್ರದೇಶದ ಮಕ್ಕಳ ಜೊತೆ ಕೂರುವ ಯುವಕನ ಭಾನುವಾರಕ್ಕೆ ಇದರಲ್ಲಿ ಲೆಕ್ಕ ಇಲ್ಲ. ಸ್ವಲ್ಪ ಹತ್ತಿರ ಬರುವುದು ಎರಡು. ತಂಜಾವೂರಿನಲ್ಲಿರುವ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದಂಥ ಕೇಂದ್ರಗಳ ಗುರು-ಶಿಷ್ಯ ಪರಂಪರೆ ಯೋಜನೆಯಲ್ಲಿ ಕಲಿಸುವ ಗುರುವಿಗೂ ಕಲಿಯುವ ಶಿಷ್ಯರಿಗೂ ತಿಂಗಳ ಗೌರವಧನ ಉಂಟು. ಅದು ಮರೆಯಾಗುತ್ತಿರುವ ಕಲೆಗಳಿಗೆ. ಇನ್ನೊಂದು ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್, 1993ರಲ್ಲಿ ಸ್ಥಾಪನೆಯಾದದ್ದು. ಅವರು 'ಕಲಿ-ಕಲಿಸು' ಎಂಬ ಹೆಸರಿನಲ್ಲಿ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಜೊತೆ ಕೆಲಸ ಮಾಡುವ ಕಲಾವಿದರಿಗೂ ಶಿಕ್ಷಕರಿಗೂ ಅನುದಾನ ಕೊಡುತ್ತಾ ಬಂದಿದ್ದಾರೆ. ನಿಮ್ಮ ಮಕ್ಕಳ ಶಾಲೆಯ ಮೇಷ್ಟ್ರಿಗೆ ಈ ವಿಷಯ ಗೊತ್ತಿರಲಿಕ್ಕಿಲ್ಲ. ಎಸ್.ಡಿ.ಎಂ.ಸಿ.ಯಲ್ಲಿರುವವರು ಹೋಗಿ ಹೇಳಿ.

ತಮಟೆ ಅಣ್ಣನ ವಿಷಯಕ್ಕೆ ವಾಪಸು ಬರೋಣ. ಅವನಿಗೆ ಆಗ ಇಪ್ಪತ್ತೆರಡು. ಯುವ ಕಲಾವಿದರ ಯೋಜನೆಗೆ ವಯಸ್ಸು ಸರಿಯಾಗಿತ್ತು. ಕಲಿತದ್ದು ಐದಲ್ಲ, ಹದಿನೈದು ವರ್ಷ. ಆದರೆ ಅವನ ಹತ್ತಿರ ಒಂದು ಕಾಗದವೂ ಇರಲಿಲ್ಲ. ತಾತ ಗುರು ಅಂತ ಯಾರಿಗೆ ಹೊಳೆಯುತ್ತದೆ? ತಾತನಿಗೂ ಹೊಳೆದಿರಲಿಲ್ಲ. ನಾವು ಅವರ ಮನೆಗೆ ಹೋದಾಗ "ನಾನೇನ್ ಮೇಷ್ಟ್ರಾ, ಸಹಿ ಹಾಕಕ್ಕೆ?" ಅಂತ ನಕ್ಕರು. ಸಾಲದ ಅರ್ಜಿ ತುಂಬಿಸುವುದರಲ್ಲಿ ನಾವು ನಿಪುಣರು, ಸಂಘಗಳ ನೂರಾರು ಕಡತ ಮಾಡಿದ್ದೇವೆ. ಈ ಒಂದು ಅರ್ಜಿ ಮಾತ್ರ ನಮ್ಮ ಕಣ್ಣಿಗೆ ಬೀಳಲಿಲ್ಲ. ಇದು ನಮ್ಮ ತಪ್ಪು, ಅವನದಲ್ಲ. ಕಳೆದ ತಿಂಗಳು ನಿರ್ಣಯ ಪುಸ್ತಕದ ಆ ಸಾಲನ್ನು ತಿದ್ದಿಸಿದ್ದೇವೆ.

ಈಗ ಅವನಿಗೆ ಇಪ್ಪತ್ನಾಲ್ಕು. ಇನ್ನೂ ಒಂದು ವರ್ಷ ಸಮಯ ಇದೆ. ತಾತನ ಪತ್ರ ಬರೆಸಿಕೊಂಡಿದ್ದೇವೆ, ಹೆಬ್ಬೆಟ್ಟಲ್ಲ, ಅವರೇ ಕೂತು ಸಹಿ ಹಾಕಿದರು. ಅವನು ಬಾರಿಸಿದ ಕಾರ್ಯಕ್ರಮಗಳ ಫೋಟೋ, ಕರಪತ್ರ ಯಾರ ಮನೆಯಲ್ಲಾದರೂ ಇದ್ದರೆ ಕೊಡಿ. ಆಯ್ಕೆ ಆಗುತ್ತಾನೋ ಇಲ್ಲವೋ ಹೇಳಲಾಗದು, 400 ಜನರಲ್ಲಿ ಒಬ್ಬ ಆಗಬೇಕು. ಆದರೂ ಅದು ಅವನ ಕಲಿಕೆಗೆ ಬರುವ ಹಣ. ನಮ್ಮ ಮಕ್ಕಳ ಭಾನುವಾರ ನಾವೇ ನೋಡಿಕೊಳ್ಳಬೇಕು.

ಒಂದು ಲೆಕ್ಕ ಹೇಳ್ತೇವೆ, ಒಪ್ಪಲೇಬೇಕು ಅಂತಿಲ್ಲ. ಆ ಬಡಾವಣೆಯಲ್ಲಿ 12 ಸಂಘ. ಸಂಘಕ್ಕೆ 15 ಜನ ಅಂದರೂ 180 ಸದಸ್ಯೆಯರು. ತಲೆಗೆ ತಿಂಗಳಿಗೆ 10 ರೂಪಾಯಿ ಹಾಕಿದರೆ 1,800. ಅವನು ಭಾನುವಾರ ಸಂಜೆ ಕಳೆದುಕೊಳ್ಳುವ ಕೂಲಿಗೆ ಇದು ಸಮ ಅಲ್ಲ. ಕೇಳಿದಾಗ ಅವನು ಹೇಳಿದ್ದು, ಬುಧವಾರ ಆರ್ಡರ್ ಕಮ್ಮಿ, ಬುಧವಾರ ಸಂಜೆ ಆದರೆ ಬರಬಹುದು ಅಂತ. ಬುಧವಾರ ಮಕ್ಕಳಿಗೆ ಟ್ಯೂಷನ್ ಇದೆ ಅಂತ ಕೆಲವರು ಆಗಲೇ ಗೊಣಗುತ್ತಿದ್ದಾರೆ, ಕೇಳಿಸುತ್ತಿದೆ. ಅದನ್ನೂ ಮಾತಾಡೋಣ. ಮುಂದಿನ ಮಾಸಿಕ ಸಭೆಯಲ್ಲಿ ಇದು ಮೂರನೇ ವಿಷಯ ಅಂತ ಹಾಕಿದ್ದೇವೆ, ಸಾಲದ ಮಾತು ಮುಗಿದ ಕೂಡಲೇ ಎದ್ದು ಹೋಗಬೇಡಿ. ಆರು ತಮಟೆ ಅಂಗನವಾಡಿ ಗೋಡೆಯ ಮೊಳೆಯಲ್ಲಿ ಈಗಲೂ ನೇತಾಡುತ್ತಿವೆ. ಒಂದರ ಚರ್ಮವನ್ನು ಇಲಿ ಕಡಿದಿದೆ. ಅದನ್ನು ಕಟ್ಟಿಸಲು ಎಷ್ಟಾಗುತ್ತದೆ ಅಂತ ತಾತನನ್ನೇ ಕೇಳಿ ಬರಬೇಕು, ಯಾರು ಹೋಗ್ತೀರಿ ಹೇಳಿ.